ಎಣಿಸಬಾರದ ಮಕ್ಕಳು

ನಮ್ಮಮ್ಮನ ಮನೆಯಲ್ಲಿ ಆಡು ಎಣಿಸಬಹುದು, ಖರ್ಜೂರದ ಗೊನೆ ಎಣಿಸಬಹುದು, ಮಕ್ಕಳನ್ನು ಮಾತ್ರ ಎಣಿಸಬಾರದು. ಮೊಮ್ಮಕ್ಕಳು ಎಷ್ಟು ಮಂದಿ ಅಂತ ಯಾರಾದರೂ ಕೇಳಿದರೆ ಅಮ್ಮ "ದೇವರು ಕೊಟ್ಟಷ್ಟು" ಅನ್ನುತ್ತಾಳೆ. ಜನಗಣತಿಗೆ ಬಂದ ಹುಡುಗಿಗೂ ಇದೇ ಉತ್ತರ ಕೊಟ್ಟಳು. ಪಾಪ, ಆ ಹುಡುಗಿ ಮೂರು ಬಟ್ಟಲು ಕಾಫಿ ಕುಡಿದು, ಪಕ್ಕದ ಮನೆಯವರನ್ನು ಕೇಳಿ ಬರೆದುಕೊಂಡು ಹೋದಳು.

ಸಂಖ್ಯೆ ಬಾಯಿಂದ ಹೊರಬಿದ್ದರೆ ಕಣ್ಣು ಬೀಳುತ್ತದೆ. ಇದು ಮನೆಯಲ್ಲಿ ಎಲ್ಲರಿಗೂ ಇರುವ ಕಟ್ಟಳೆ, ನನಗೆ ಮಾತ್ರ ಸ್ವಲ್ಪ ಹೆಚ್ಚು ಬಿಗಿ. ನಾನು ಜುವೈನಾ, ಈ ಮನೆಯ ಹಿರಿಮಗಳು. ಹನ್ನೊಂದು ವರ್ಷ ಸಂಸಾರ ಮಾಡಿದರೂ ಮಡಿಲು ತುಂಬಲಿಲ್ಲ ಅಂತ ಗಂಡ ತಲಾಖ್ ಕೊಟ್ಟ ಮೇಲೆ ಇಬ್ರಾ ಊರಿನ ತವರಿಗೆ ಬಂದು ಕೂತವಳು. ಮಕ್ಕಳಿಲ್ಲದವಳು ಬೇರೆಯವರ ಮಕ್ಕಳನ್ನು ಹೇಗೆ ನೋಡುತ್ತಾಳೆ ಅನ್ನುವುದರ ಬಗ್ಗೆ ನಮ್ಮ ಕಡೆಯ ಹೆಂಗಸರಿಗೆ ಅವರದೇ ಆದ ಅಭಿಪ್ರಾಯವಿದೆ. ನಾನು ಆ ಅಭಿಪ್ರಾಯಕ್ಕೆ ಒಂದು ಸಾಕ್ಷಿಯನ್ನೂ ಒದಗಿಸಿಬಿಟ್ಟಿದ್ದೆ. ಚಿಕ್ಕ ತಮ್ಮ ಝಾಹಿರನ ಮೊದಲ ಕೂಸಿಗೆ ನಲವತ್ತು ದಿನ ತುಂಬಿದಾಗ ಅದನ್ನೆತ್ತಿಕೊಂಡು "ಎಷ್ಟು ಗುಂಡುಗುಂಡಗಿದೀಯೋ" ಅಂದಿದ್ದೆ. ಕಣ್ಣು ತಾಗದಿರಲಿ ಅಂತ ಹಿಂದೆಯೇ ಮಾಶಾ ಅಲ್ಲಾಹ್ ಅನ್ನುವುದು ಮರೆತೆ. ಹತ್ತು ದಿನಕ್ಕೆ ಕೂಸು ಜ್ವರದಲ್ಲಿ ಹೋಯಿತು.

ಯಾರೂ ನನಗೆ ಒಂದು ಮಾತು ಅನ್ನಲಿಲ್ಲ. ಅಂದಿದ್ದರೆ ಜಗಳವಾಡಿ ಮುಗಿಸಬಹುದಿತ್ತು, ಜಗಳದಲ್ಲಿ ನಾನೇನು ಕಡಿಮೆಯಲ್ಲ. ಅದರ ಬದಲು ಝಾಹಿರನ ಹೆಂಡತಿ ರಾಯಾ, ನಾನು ಕೋಣೆಗೆ ಕಾಲಿಟ್ಟಾಗಲೆಲ್ಲ ಆಮೇಲೆ ಹುಟ್ಟಿದ ಮಕ್ಕಳ ಮುಖವನ್ನು ತನ್ನ ಕಡೆ ತಿರುಗಿಸಿಕೊಳ್ಳತೊಡಗಿದಳು. ದೊಡ್ಡ ತಮ್ಮ ಖಲ್ಫಾನನ ಹೆಂಡತಿ ಗಾಲಿಯಾ ಹಾಗಲ್ಲ. ಅವಳ ಮಕ್ಕಳು ನನ್ನ ತೊಡೆಯ ಮೇಲೆಯೇ ಬೆಳೆದವು. ಅವಳು ನನ್ನನ್ನು ಅಕ್ಕಾ ಅಂತ ಬಾಯಿ ತುಂಬ ಕರೆಯುತ್ತಿದ್ದಳು, ನಾನೂ ಅವಳನ್ನು ತಂಗಿ ಅಂತಲೇ ತಿಳಿದಿದ್ದೆ.

ಡಿಸೆಂಬರ್ ರಜೆಯಲ್ಲಿ ಕಡಲ ದಂಡೆಗೆ ಹೋಗಿ ಡೇರೆ ಹಾಕಬೇಕು ಅನ್ನುವುದು ಖಲ್ಫಾನನ ಹಟ. ಎರಡು ಗಾಡಿಗಳಲ್ಲಿ ಹೊರಟೆವು. ಮುಂದಿನದರಲ್ಲಿ ಖಲ್ಫಾನ್, ಡೇರೆ, ಹಾಸಿಗೆ, ಮೀನಿನ ಗಾಳ, ಮತ್ತು ಅವನ ಜೊತೆಗೇ ಹೋಗುತ್ತೇವೆ ಅಂತ ಅತ್ತ ಹುಡುಗರು. ಹಿಂದಿನದರಲ್ಲಿ ಝಾಹಿರ್, ಅವನ ಪಕ್ಕ ಅಮ್ಮ, ನಡುವಿನ ಸೀಟಿನಲ್ಲಿ ನಾವು ಮೂವರು ಹೆಂಗಸರು, ಹಿಂದೆ ಹುಡುಗಿಯರು ಮತ್ತು ಚಿಕ್ಕವು. ಖಲ್ಫಾನನಿಗೆ ಐದು, ಝಾಹಿರನಿಗೆ ಮೂರು. ಈಗ ಇದನ್ನು ಹೇಳಲು ನನಗೆ ಯಾವ ಭಯವೂ ಇಲ್ಲ. ದಾರಿಯಲ್ಲಿ ಎಲ್ಲಿ ನಿಲ್ಲಿಸಿದರೂ ಈ ಮಕ್ಕಳು ಆ ಗಾಡಿಗೆ, ಆ ಮಕ್ಕಳು ಈ ಗಾಡಿಗೆ ಹತ್ತುತ್ತಿದ್ದವು. ಯಾವುದು ಎಲ್ಲಿದೆ ಅಂತ ಹೊರಡುವಾಗ ಯಾರೂ ನೋಡುತ್ತಿರಲಿಲ್ಲ. ಎಲ್ಲಿ ಹೋಗುತ್ತವೆ, ಒಂದಿಲ್ಲೊಂದು ಗಾಡಿಯಲ್ಲಿ ಇರುತ್ತವೆ.

ಸಿನಾವ್ ದಾಟಿ, ಮಹೂತ್ ದಾಟಿ, ಖಲೂಫ್ ಅನ್ನುವ ಬೆಸ್ತರ ಊರಿನಿಂದ ಆಚೆ ಮರಳಿಗೆ ಇಳಿದೆವು. ಎರಡು ದಿನ ಚೆನ್ನಾಗಿತ್ತು. ಸುಳ್ಳು ಯಾಕೆ ಹೇಳಲಿ, ಬಹಳ ಚೆನ್ನಾಗಿತ್ತು. ಖಲ್ಫಾನ್ ಗಾಳ ಹಾಕಿ ಕೂತು ಒಂದೂ ಮೀನು ಹಿಡಿಯಲಿಲ್ಲ. ಕೊನೆಗೆ ಬೆಸ್ತರ ಹತ್ತಿರ ಕೊಂಡು ತಂದು, ತಾನೇ ಹಿಡಿದೆ ಅಂತ ಅಮ್ಮನಿಗೆ ತೋರಿಸಿದ.

"ಇದಕ್ಕೆ ಗಾಳ ಎಲ್ಲಿ ಚುಚ್ಚಿದೆ ತೋರ್ಸಪ್ಪ," ಅಂದಳು ಅಮ್ಮ.

"ಅದಾಗಿ ಅದೇ ಬಂತಮ್ಮ. ನನ್ನ ಮುಖ ನೋಡಿ ಅಯ್ಯೋ ಅನ್ನಿಸ್ತು ಅದಕ್ಕೆ," ಅಂದ ಅವನು. ಹೆಂಗಸರೆಲ್ಲ ನಕ್ಕೆವು.

ಹುಮೈದ್ ಖಲ್ಫಾನನ ನಾಲ್ಕನೆಯವನು. ಆರು ವರ್ಷ, ಮುಂದಿನ ಹಲ್ಲು ಎರಡು ಬಿದ್ದಿದ್ದವು. ಸಂಕೋಚದ ಹುಡುಗ. ಗುಂಪಿನಲ್ಲಿ ಮಾತಾಡುತ್ತಿರಲಿಲ್ಲ, ನನ್ನ ಹತ್ತಿರ ಬಂದರೆ ನಿಲ್ಲಿಸುತ್ತಿರಲಿಲ್ಲ. ಎರಡೂ ದಿನ ಏಡಿ ಬಿಲಗಳ ಪಕ್ಕ ಕೂತಿದ್ದ.

"ಅತ್ತೆ, ನೀರು ಬಂದ್ರೆ ಏಡಿ ಏನ್ ಮಾಡುತ್ತೆ?"

"ಒಳಗೆ ಹೋಗಿ ಬಾಗಿಲು ಹಾಕ್ಕೊಳ್ಳುತ್ತೆ."

"ಬಾಗಿಲು ಎಲ್ಲಿದೆ? ನಾ ನೋಡ್ದೆ, ಇಲ್ಲ."

"ನಿನ್ನ ಕಂಡ್ರೆ ತೆಗೆದಿಟ್ಟುಬಿಡುತ್ತೆ ಕಣೋ, ಕಳ್ಳ ಬಂದ ಅಂತ."

ಅವನು ನಂಬಿದನೋ ಇಲ್ಲವೋ, ಬಾಯಿಗೆ ಕೈ ಅಡ್ಡ ಹಿಡಿದು ನಕ್ಕ. ಹಲ್ಲಿಲ್ಲದ ಬಾಯಿ ತೋರಿಸಲು ಅವನಿಗೆ ನಾಚಿಕೆ.

ಮೂರನೆಯ ದಿನ ಬೆಳಿಗ್ಗೆ ದಂಡೆಯಗುಂಟ ಇನ್ನೂ ಕೆಳಗೆ, ದುಕಮ್ ಕಡೆಗೆ ಹೋಗುವುದು ಅಂತ ತೀರ್ಮಾನವಾಯಿತು. ನಾವು ಬೀಡು ಬಿಟ್ಟ ಜಾಗದಿಂದ ಮುಂದೆ ಬಿಳಿ ಮರಳಿನ ದಿಬ್ಬಗಳು ಸಾಲಾಗಿ ಬಂದು ನೇರ ಕಡಲಿಗೆ ಇಳಿಯುತ್ತವೆ. ನೀರು ಹಿಂದೆ ಸರಿದಾಗ ದಿಬ್ಬಕ್ಕೂ ಅಲೆಗೂ ನಡುವೆ ಗಾಡಿ ಹೋಗುವಷ್ಟು ಗಟ್ಟಿ ನೆಲ ಸಿಗುತ್ತದೆ. ಮೂರು ನಾಲ್ಕು ಮೈಲಿ ಅಂಥ ದಾರಿ. ಬಲೆ ತುಂಬಿಕೊಂಡು ಪಿಕಪ್‌ನಲ್ಲಿ ಹೋಗುತ್ತಿದ್ದ ಒಬ್ಬ ಮುದುಕ ಬೆಸ್ತ ನಮ್ಮನ್ನು ನೋಡಿ ನಿಲ್ಲಿಸಿದ.

"ಒಂಬತ್ತರೊಳಗೆ ದಾಟ್ಕೊಂಬಿಡಿ. ಆಮೇಲೆ ನೀರು ದಿಬ್ಬದ ಬುಡಕ್ಕೆ ಬರುತ್ತೆ. ನೀವು ಒಳನಾಡಿನೋರು, ನಿಮಗೆ ಇಲ್ಲಿಯ ಮರಳು ಗೊತ್ತಿಲ್ಲ."

ಅವನು ಹೋದ ಮೇಲೆ ಖಲ್ಫಾನ್ ಮೂಗು ಮುರಿದ. "ನಮಗೇ ಮರಳಿನ ಪಾಠ ಹೇಳ್ತಾನೆ ನೋಡು. ಹುಟ್ಟಿದ್ದೇ ಮರಳಲ್ಲಿ ನಾವು."

ಆದರೂ ಅವಸರ ಮಾಡಿದ. ಅವಸರದಲ್ಲಿ ನಮ್ಮ ಮನೆಯವರನ್ನು ಮೀರಿಸುವವರಿಲ್ಲ. ಡೇರೆ ಬಿಚ್ಚುವವರು, ಹಾಸಿಗೆ ಸುತ್ತುವವರು, ಕಾಫಿಯ ಕೆಟಲು ಕಾಣಿಸುತ್ತಿಲ್ಲ ಅಂತ ಕೂಗುವವರು. ಅಮ್ಮ ಸೀಟಿನಲ್ಲಿ ಕೂತು ಮಕ್ಕಳಿಗೆ ಅಪ್ಪಣೆ ಮಾಡುತ್ತಿದ್ದಳು.

"ಎಲ್ಲಾ ಒಂದಕ್ಕೆ ಹೋಗ್ಬಿಟ್ಟು ಬನ್ನಿ. ಆಮೇಲೆ ಗಾಡಿ ನಿಲ್ಸಿ ಅಂದ್ರೆ ಯಾರೂ ನಿಲ್ಸಲ್ಲ, ಹೇಳಿದೀನಿ."

ಹುಡುಗರು ಗಾಡಿಯ ಹಿಂದೆಯೇ ನಿಂತು ಮುಗಿಸಿದರು. ಹುಮೈದ್ ಹಾಗೆ ನಿಲ್ಲುವ ಹುಡುಗನಲ್ಲ ಅಂತ ನನಗೆ ಗೊತ್ತಿತ್ತು, ಅವನ ತಾಯಿಗೂ ಗೊತ್ತಿತ್ತು. ಅವನು ಯಾರಿಗೂ ಕಾಣದ ಹಾಗೆ ದಿಬ್ಬದ ಆಚೆ ಹೋಗಿದ್ದ. ಹೋದದ್ದನ್ನು ಯಾರೂ ನೋಡಲಿಲ್ಲ.

ಖಲ್ಫಾನನ ಗಾಡಿ ನಮ್ಮ ಪಕ್ಕದಲ್ಲೇ ಮೆಲ್ಲಗೆ ಹಾದು ಮುಂದೆ ಹೋಯಿತು. ಕಿಟಕಿಯಲ್ಲಿ ಮೂರು ತಲೆ. ನಮ್ಮ ಗಾಡಿಯ ಹಿಂದೆ ನಾಲ್ಕು. ನಾನು ಎಣಿಸಬೇಕು ಅಂತ ಎಣಿಸಿದ್ದಲ್ಲ. ಇಪ್ಪತ್ತು ವರ್ಷದಿಂದ ಮನಸ್ಸಿನೊಳಗೆ ಎಣಿಸುವುದು ನನಗೆ ರೂಢಿಯಾಗಿಬಿಟ್ಟಿದೆ, ಬೇಡ ಅಂದದ್ದನ್ನೇ ಮಾಡುವ ಮನಸ್ಸು ನನ್ನದು. ಏಳು ಬಂತು. ಇನ್ನೊಮ್ಮೆ ಎಣಿಸಿದೆ. ಏಳೇ. ಗೊತ್ತಾಗದಂತೆ ತುಟಿ ಅಲುಗಿರಬೇಕು. ಮುಂದಿನ ಕನ್ನಡಿಯಲ್ಲಿ ಅಮ್ಮನ ಕಣ್ಣು ನನ್ನ ಮೇಲೆ ಬಿತ್ತು.

"ಏನೇ ಅದು ಬಾಯೊಳಗೇ ಗೊಣಗೋದು?"

ರಾಯಾ ಥಟ್ಟನೆ ತಿರುಗಿ ನನ್ನನ್ನು ನೋಡಿದಳು. ಅವಳ ಕೈ ಹಿಂದೆ ಹೋಗಿ ತನ್ನ ಮಗಳ ಹಣೆ ಮುಚ್ಚಿತು.

"ಪ್ರಯಾಣದ ದುಆ ಹೇಳ್ಕೋತಿದೀನಮ್ಮ," ಅಂದೆ.

ಸುಳ್ಳು. ಹುಮೈದ್ ಮುಂದಿನ ಗಾಡಿಯಲ್ಲಿ ಹಾಸಿಗೆಗಳ ಮೇಲೆ ಮಲಗಿರುತ್ತಾನೆ, ಅದಕ್ಕೇ ತಲೆ ಕಾಣುತ್ತಿಲ್ಲ ಅಂತ ನನಗೆ ನಾನೇ ಹೇಳಿಕೊಂಡೆ. ಬರುವಾಗ ಅವನು ಹಾಗೇ ಮಲಗಿಕೊಂಡು ಬಂದಿದ್ದ. ಈ ಸಮಾಧಾನ ಸುಳ್ಳೇನಲ್ಲ, ಆದರೆ ಸಾಲದು ಅಂತ ಆಗಲೂ ಗೊತ್ತಿತ್ತು. ಒಂದು ಮಾತು ಕೇಳಿದ್ದರೆ ಆಗುತ್ತಿತ್ತು. ಕೇಳಿದರೆ ನಾನು ಎಣಿಸಿದ್ದು ಗೊತ್ತಾಗುತ್ತದೆ, ಮುಂದೆ ಯಾವ ಮಗುವಿಗೆ ನೆಗಡಿ ಬಂದರೂ ಅದು ನನ್ನ ಲೆಕ್ಕಕ್ಕೆ. ನಾನು ನನ್ನ ಮಾನ ನೋಡಿಕೊಂಡೆ. ಬಾಯಿ ಮುಚ್ಚಿಕೊಂಡೆ.

ಎಂಟೂಕಾಲಕ್ಕೆ ದಿಬ್ಬದ ದಾರಿ ದಾಟಿದೆವು. ಎಡಕ್ಕೆ ನೀರು ಆಗಲೇ ಚಕ್ರಕ್ಕೆ ತಾಗುತ್ತಿತ್ತು. ಮಕ್ಕಳು ಕೇಕೆ ಹಾಕಿದವು. ಆಮೇಲೆ ಟಾರು ರಸ್ತೆ ಹತ್ತಿ, ಒಂಬತ್ತೂವರೆಗೆ ಪೆಟ್ರೋಲ್ ಬಂಕಿನ ಪಕ್ಕದ ಮಲಬಾರಿಯವನ ಅಂಗಡಿಯಲ್ಲಿ ಚಹಾಕ್ಕೆ ನಿಲ್ಲಿಸಿದೆವು. ಗಾಲಿಯಾ ಪರೋಟ ಸುತ್ತಿ ಸುತ್ತಿ ಹಂಚುತ್ತಿದ್ದಳು.

"ಹುಮೈದ್‌ಗೆ ಚೀಸ್ ಹಾಕ್ಸಿಲ್ಲ, ಸಕ್ಕರೆ ಹಾಕ್ಸಿದೀನಿ. ತಗೊಂಡ್ಹೋಗಿ ಕೊಡಿ," ಅಂತ ಖಲ್ಫಾನನ ಕಡೆ ಚಾಚಿದಳು.

"ನಿನ್ನ ಹತ್ರಾನೇ ಇದಾನಲ್ಲ, ನೀನೇ ಕೊಡು."

"ನನ್ನ ಹತ್ರ ಎಲ್ಲಿದಾನೆ? ನಿಮ್ಮ ಗಾಡೀಲಿ ಮಲಗಿದಾನೆ."

"ನನ್ನ ಗಾಡೀಲಿ ಇಲ್ಲ. ಅವನು ನಿಮ್ಮ ಜೊತೆ ಬಂದ ಅಂತ ನಾನು..."

ಅವನು ತನ್ನ ಗಾಡಿಗೆ ಓಡಿದ. ಹೋಗಿ ಹಿಂದಿನ ಬಾಗಿಲು ತೆಗೆದು ಹಾಸಿಗೆಗಳನ್ನು ಒಂದೊಂದಾಗಿ ನೆಲಕ್ಕೆ ಎಳೆದುಹಾಕಿದ. ಗಾಲಿಯಾ ಪರೋಟವನ್ನು ಕೈಯಲ್ಲಿ ಹಿಡಿದೇ ನಿಂತಿದ್ದಳು. ಯಾರಿಗೂ ಗೊತ್ತಿಲ್ಲದ್ದು ನನಗೆ ಗಂಟೆಯ ಹಿಂದೆಯೇ ಗೊತ್ತಿತ್ತು.

ಅಮ್ಮ, ರಾಯಾ, ಮಕ್ಕಳನ್ನು ಅಂಗಡಿಯಲ್ಲೇ ಬಿಟ್ಟು ಉಳಿದವರು ಖಲ್ಫಾನನ ಗಾಡಿಯಲ್ಲಿ ವಾಪಸು ಹೊರಟೆವು. ಝಾಹಿರ್ ಪೊಲೀಸರಿಗೆ ಫೋನ್ ಮಾಡಿದ, ಖಲೂಫಿನಲ್ಲಿ ಗೊತ್ತಿದ್ದವರಿಗೆ ದೋಣಿ ಇಳಿಸಲು ಹೇಳಿದ. ಗಾಲಿಯಾ ಸೂರಾಗಳನ್ನು ಹೇಳಿಕೊಳ್ಳುತ್ತ, ನಡುವೆ ಮರೆತು, ಮತ್ತೆ ಮೊದಲಿಂದ ಶುರುಮಾಡುತ್ತಿದ್ದಳು.

"ಹೆದರ್ಬೇಡ," ಅಂದ ಖಲ್ಫಾನ್. ಅವನ ದನಿ ಎಂದಿನಂತೆಯೇ ಇತ್ತು. "ಅವನು ಜಾಣ. ನಾನು ಹೇಳ್ಕೊಟ್ಟಿದೀನಿ. ಮರಳಲ್ಲಿ ದಾರಿ ತಪ್ಪಿದ್ರೆ ಗಾಡಿ ಜಾಡು ಹಿಡಿ, ಜಾಡು ಬಿಟ್ಟು ಎಲ್ಲೂ ಹೋಗ್ಬೇಡ, ಯಾರಾದ್ರೂ ಬಂದೇ ಬರ್ತಾರೆ ಅಂತ. ಹತ್ತು ಸಲ ಬಾಯಿಪಾಠ ಮಾಡ್ಸಿದೀನಿ. ಅವನು ಜಾಡು ಬಿಡಲ್ಲ."

ನಮ್ಮ ಮರಳುಗಾಡಿನಲ್ಲಿ ಎಲ್ಲ ಮಕ್ಕಳಿಗೂ ಇದನ್ನೇ ಕಲಿಸುತ್ತೇವೆ. ನನಗೂ ಅಪ್ಪ ಇದನ್ನೇ ಕಲಿಸಿದ್ದ. ಜಾಡು ಬಿಟ್ಟವನು ಬಾಯಾರಿ ಸಾಯುತ್ತಾನೆ, ಜಾಡಿನಲ್ಲಿದ್ದವನು ಸಿಗುತ್ತಾನೆ. ಖಲ್ಫಾನ್ ಇದನ್ನು ಹೇಳಿ ಗಾಡಿ ಓಡಿಸಿದ. ಆಮೇಲೆ ಅವನಿಗೇ ಹೊಳೆಯಿತು. ನಮ್ಮ ಜಾಡು ಇರುವುದು ಎಲ್ಲಿ ಅಂತ. ಕನ್ನಡಿಯಲ್ಲಿ ಅವನ ಮುಖ ಬಿಳಿಚಿಕೊಂಡಿತು. ವೇಗ ಹೆಚ್ಚಿಸಿದ.

ದಿಬ್ಬದ ದಾರಿಯ ಬಾಯಿಗೆ ಬಂದಾಗ ಹತ್ತೂವರೆ. ದಾರಿ ಇರಲಿಲ್ಲ. ನಮ್ಮ ಗಾಡಿಗಳ ಜಾಡು ಒಣಮರಳಿನ ಮೇಲೆ ಚೆನ್ನಾಗಿ ಕಾಣುತ್ತಿತ್ತು, ಹಿಂದಕ್ಕೆ ಹೋಗಿ ನೇರ ನೀರಿನೊಳಗೆ ಇಳಿದಿತ್ತು. ಅಲೆಗಳು ದಿಬ್ಬದ ಬುಡಕ್ಕೆ ಬಡಿದು ಬಡಿದು ಬಿಳಿ ಮರಳನ್ನು ಕೆಳಗೆ ಎಳೆಯುತ್ತಿದ್ದವು. ತಮ್ಮಂದಿರಿಬ್ಬರೂ ಚಪ್ಪಲಿ ಕಿತ್ತೆಸೆದು ದಿಬ್ಬ ಹತ್ತಿ ಆಚೆ ಓಡಿದರು. ಆ ಮೆದು ಮರಳಿನಲ್ಲಿ ಓಡುವುದು ಅಂದರೆ ಎರಡು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ.

ನಾನೂ ಗಾಲಿಯಾಳೂ ನೀರಿನಂಚಿನಲ್ಲಿ ನಿಂತೆವು. ಅವಳು ಮಗನ ಹೆಸರು ಹಿಡಿದು ಕೂಗಿದಳು, ದನಿ ಬೀಳುವವರೆಗೆ ಕೂಗಿದಳು. ನಾನೂ ಕೂಗಿದೆ. ನನ್ನ ಗಂಟಲು ಅಷ್ಟು ಜೋರಾಗಿದೆ ಅಂತ ನನಗೇ ಗೊತ್ತಿರಲಿಲ್ಲ. ಗಾಳಿ ಎಲ್ಲವನ್ನೂ ನಮ್ಮ ಮುಖಕ್ಕೇ ತಂದು ಹಾಕಿತು.

ಮಧ್ಯಾಹ್ನ ಎರಡು ಗಂಟೆಯ ಹೊತ್ತಿಗೆ ದೋಣಿ ಬಂತು. ಬೆಳಿಗ್ಗೆ ಸಿಕ್ಕಿದ್ದ ಅದೇ ಮುದುಕ ಮುಂದೆ ಕೂತಿದ್ದ. ಮೇಲಂಗಿಯನ್ನು ಬಿಚ್ಚಿ ಹುಮೈದನಿಗೆ ಹೊದಿಸಿದ್ದ. ದೋಣಿ ದಡ ಮುಟ್ಟುವ ಮೊದಲೇ ಗಾಲಿಯಾ ಎದೆಮಟ್ಟದ ನೀರಿಗೆ ಇಳಿದುಹೋದಳು. ಮುದುಕ ಮಗುವನ್ನು ಅವಳ ಕೈಗೆ ಕೊಡಲಿಲ್ಲ, ತಾನೇ ಎತ್ತಿಕೊಂಡು ಬಂದು ದಡದಲ್ಲಿ ಮಲಗಿಸಿದ. ಪಾದಗಳು ಮಾತ್ರ ಹೊರಗಿದ್ದವು. ಬೆರಳ ಸಂದಿಯಲ್ಲಿ ಮರಳಿತ್ತು. ನಾನು ಅದನ್ನು ಒರೆಸುತ್ತ ಕೂತೆ. ಅದನ್ನು ಬಿಟ್ಟು ಬೇರೇನು ಮಾಡಬೇಕು ಅಂತ ತೋಚಲಿಲ್ಲ.

"ದಿಬ್ಬ ಹತ್ತಿದ್ರೆ ಸಾಕಿತ್ತು," ಅಂದ ಮುದುಕ, ಯಾರಿಗೂ ಅಂತಲ್ಲದೆ. "ಇಲ್ಲಿ ಕೂಸುಗಳು ನೀರು ಬಂತು ಅಂದ್ರೆ ದಿಬ್ಬ ಹತ್ತುತ್ವೆ. ಇವನು ಯಾಕೆ ಹತ್ತಲಿಲ್ಲ?"

ಯಾಕೆ ಅನ್ನುವುದನ್ನು ಖಲ್ಫಾನ್ ದಿಬ್ಬಗಳ ಮೇಲೆಯೇ ಓಡಿಹೋಗಿ ನೋಡಿ ಬಂದಿದ್ದ. ಬೀಡಿನ ಹತ್ತಿರ ಎತ್ತರದ ಮರಳಿನಲ್ಲಿ ಹೆಜ್ಜೆಗಳು ಉಳಿದಿದ್ದವಂತೆ. ದಿಬ್ಬದ ಆಚೆಯಿಂದ ಓಡಿ ಬಂದ ಹೆಜ್ಜೆ. ಡೇರೆಯಿದ್ದ ಕಡೆ ಸುತ್ತಾಡಿದ ಹೆಜ್ಜೆ. ಆಮೇಲೆ ಚಕ್ರದ ಎರಡು ಗೆರೆಗಳ ನಡುವೆ, ಅತ್ತಿತ್ತ ಒಂದಿಷ್ಟೂ ಹೊರಳದೆ, ನೀರಿದ್ದಲ್ಲಿಯವರೆಗೆ. ಇಷ್ಟು ಹೇಳಿ ನನ್ನ ತಮ್ಮ, ನಲವತ್ತು ವರ್ಷದ ಗಂಡಸು, ಮರಳಿನ ಮೇಲೆ ಬೋರಲು ಬಿದ್ದು ಅತ್ತ.

ಮಾರನೆಯ ದಿನ ಇಬ್ರಾದಲ್ಲಿ ಮಣ್ಣು ಮಾಡಿದರು. ಮೂರು ದಿನ ಮನೆ ತುಂಬ ಜನ. ಬಂದ ಹೆಂಗಸರು ಸಾಲಾಗಿ ಕೂತು ಕಾಫಿ ಕುಡಿದು, ದೇವರು ಕೊಟ್ಟ ದೇವರು ತಗೊಂಡ ಅಂದರು. ಅಮ್ಮ ಅವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದಳು. ಮಹೂತಿನ ಬಂಕಿನಲ್ಲಿ ಯಾವಳೋ ಒಬ್ಬಳು ನಮ್ಮ ಮಕ್ಕಳನ್ನು ದಿಟ್ಟಿಸಿ ನೋಡಿದಳು, ಅವಳದೇ ಕಣ್ಣು. ರಾಯಾ ತಲೆ ತಗ್ಗಿಸಿ ಕೇಳುತ್ತಿದ್ದಳು. ಅವಳು ಯಾರ ಕಣ್ಣಿನ ಬಗ್ಗೆ ಯೋಚಿಸುತ್ತಿದ್ದಾಳೆ ಅಂತ ನನಗೆ ಹೇಳಿಕೊಡಬೇಕಾಗಿರಲಿಲ್ಲ.

ಗಾಲಿಯಾ ಗಂಡನನ್ನು ಕೋಣೆಯೊಳಗೆ ಬಿಡಲಿಲ್ಲ. "ನಾಲ್ಕು ಹುಡುಗರನ್ನ ನೋಡ್ಕೊಳ್ಳೋಕೆ ಆಗ್ಲಿಲ್ಲ ನಿಮಗೆ," ಅಂತ ಬಾಗಿಲ ಸಂದಿಯಿಂದ ಒಮ್ಮೆ ಹೇಳಿದಳು, ಅಷ್ಟೇ. ಖಲ್ಫಾನ್ ಗಂಡಸರು ಕೂರುವ ಮಜ್ಲಿಸಿನ ಕೋಣೆಯಲ್ಲೇ ಗೋಡೆಗೊರಗಿ ಕೂತಿರುತ್ತಿದ್ದ. ಊಟ ಮುಟ್ಟಿಸಲು ಹೋದರೆ "ಜಾಡು ಬಿಡ್ಬೇಡ ಅಂತ ನಾನೇ ಹೇಳಿದ್ದು ಅಕ್ಕಾ" ಅನ್ನುತ್ತಿದ್ದ. ಇನ್ನೊಂದು ಮಾತಿಲ್ಲ. ತಪ್ಪು ಪೂರ್ತಿ ಅವನ ತಲೆಯ ಮೇಲೆ ಬಿದ್ದಿತ್ತು, ಅವನು ಅದನ್ನು ಹೊತ್ತುಕೊಂಡೂಬಿಟ್ಟಿದ್ದ. ನನ್ನ ಪಾಲು ನನ್ನ ಬಾಯೊಳಗೆ ಕೊಳೆಯುತ್ತಿತ್ತು. ಹೀಗೇ ಬಿಟ್ಟರೆ ಆ ಗಂಡಹೆಂಡಿರು ಮತ್ತೆ ಒಂದಾಗುವುದಿಲ್ಲ ಅಂತ ಕಂಡಿತು.

ಮೂರನೆಯ ದಿನ ಮಧ್ಯಾಹ್ನ ಜನ ಕರಗಿದ ಮೇಲೆ ಗಾಲಿಯಾ ಹಿಂದಿನ ಅಂಗಳದಲ್ಲಿ ಚಾಪೆ ತೊಳೆಯುತ್ತಿದ್ದಳು. ಗಾಡಿಯಿಂದ ಇಳಿಸಿದ ಸಾಮಾನು ಹಾಗೇ ರಾಶಿ ಬಿದ್ದಿತ್ತು. ಪೈಪು ಹಿಡಿದು ಒಂದೇ ಕಡೆ ನೀರು ಬಿಡುತ್ತಿದ್ದಳು, ಮರಳೆಲ್ಲ ಹೋಗಿ ಎಷ್ಟೋ ಹೊತ್ತಾಗಿತ್ತು. ನಾನು ಹೋಗಿ ಚಾಪೆಯ ಇನ್ನೊಂದು ತುದಿ ಹಿಡಿದೆ.

"ಗಾಲಿಯಾ, ಖಲ್ಫಾನನ್ನ ಬಯ್ಬೇಡ. ಅವನಿಗೆ ಗೊತ್ತಿರಲಿಲ್ಲ."

ಅವಳು ನೀರು ಬಿಡುತ್ತಲೇ ಇದ್ದಳು.

"ನನಗೆ ಗೊತ್ತಿತ್ತು. ಹೊರಡುವಾಗ ನಾನು ಎಣಿಸಿದ್ದೆ. ಏಳೇ ಇದ್ರು. ಎರಡು ಸಲ ಎಣಿಸಿದೆ. ಕೇಳಿದ್ರೆ ನನ್ನ ಕಣ್ಣು ಅಂತೀರ ಅಂತ ಹೆದರಿ ಸುಮ್ನಾದೆ. ನಿನ್ನ ಮಗನಿಗಿಂತ ನನಗೆ ನನ್ನ ಹೆಸರು ದೊಡ್ಡದಾಯ್ತು."

ಇಷ್ಟು ಹೇಳಿ ನಾನು ಕಾದೆ. ಹೊಡೆಯಲಿ, ಕೂದಲು ಹಿಡಿದು ಎಳೆಯಲಿ, ಇಡೀ ಬೀದಿಗೆ ಕೇಳುವಂತೆ ಕೂಗಲಿ. ಅವಳು ಏನು ಮಾಡಿದ್ದರೂ ತಡೆದುಕೊಳ್ಳುತ್ತಿದ್ದೆ. ಅವಳು ಪೈಪಿನ ನೀರು ನಿಲ್ಲಿಸಿ, ಒದ್ದೆ ಚಾಪೆಯ ಮೇಲೆಯೇ ಕುಳಿತಳು.

"ಗೊತ್ತು," ಅಂದಳು.

"ಏನ್ ಗೊತ್ತು?"

"ನಿಮ್ಮ ತುಟಿ ನೋಡ್ತಿದ್ದೆ ಅಕ್ಕಾ. ಪಕ್ಕದಲ್ಲೇ ಕೂತಿದ್ನಲ್ಲ. ನೀವು ಎಣಿಸ್ತಿದ್ರಿ, ನಿಮ್ಮ ಜೊತೆ ನಾನೂ ಎಣಿಸ್ದೆ. ನನಗೂ ಏಳೇ ಬಂತು."

ನನ್ನ ಕೈಯಿಂದ ಚಾಪೆ ಜಾರಿತು.

"ಗಾಡಿ ನಿಲ್ಸಿ, ಹುಮೈದ್ ಎಲ್ಲಿ ಅಂತ ಕೇಳೋಣ ಅಂತ ನಾಲಿಗೆ ತುದಿಗೆ ಬಂತು. ಆದ್ರೆ ನಿಮ್ಮ ಕಣ್ಣು ಮಕ್ಕಳ ಮೇಲಿತ್ತು. ಆ ಹೊತ್ತಲ್ಲಿ ನಿಮ್ಮ ಮುಂದೆ ಅವನ ಹೆಸರು ಎತ್ತೋದು ಬೇಡ ಅನ್ನಿಸ್ತು. ನೀವು ನೋಡೋದು ಮುಗಿಸ್ಲಿ, ಆಮೇಲೆ ಕೇಳೋಣ ಅಂತ ತಡೆದೆ." ಅವಳು ನನ್ನನ್ನೇ ನೋಡಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು. "ನಿಮ್ಮಿಂದ ಅವನನ್ನ ಉಳಿಸ್ಕೊಂಡೆ ಅಂದ್ಕೊಂಡೆ ಅಕ್ಕಾ. ಆಮೇಲೆ ನೀರು ಚಕ್ರಕ್ಕೆ ತಾಗಿತು, ಮಕ್ಕಳು ಕೂಗಿದ್ವು, ಮರ್ತೇಹೋಯ್ತು."

ಇಷ್ಟು ವರ್ಷ ನನ್ನ ತೊಡೆಯ ಮೇಲೆ ಮಕ್ಕಳನ್ನು ಮಲಗಿಸಿ, ಅಕ್ಕಾ ಅಂತ ಕರೆದು, ಇವಳೂ ಹೆದರಿಕೊಂಡೇ ಇದ್ದಳು. ಅದಕ್ಕೆ ನಾನು ಅಳಬಹುದಿತ್ತು. ಅಳು ಬಂದದ್ದು ಅದಕ್ಕಲ್ಲ. ನಮ್ಮ ಗಾಡಿ ಆಗಿನ್ನೂ ಬೀಡಿನಿಂದ ಇನ್ನೂರು ಗಜ ಕೂಡ ಬಂದಿರಲಿಲ್ಲ, ಹುಮೈದ್ ದಿಬ್ಬದ ಆಚೆಯೇ ಇದ್ದ. ಇಬ್ಬರಲ್ಲಿ ಯಾರಾದರೊಬ್ಬಳು ಕಿಟಕಿ ಇಳಿಸಿ ಒಂದು ಸಲ ಕೂಗಿದ್ದರೆ ಅವನಿಗೆ ಕೇಳಿಸುತ್ತಿತ್ತು.